ತುಂಬಿದ ಸಭೆಯಲ್ಲಿ ಮಾತೇಕೆ ಹೊರಡದು?

ಮೈಸೂರಿನ ದೊಡ್ಡ ಗಡಿಯಾರದ ಸಮೀಪದಲ್ಲಿ ರಂಗಾಚಾರ್ಲು ಪುರಭವನವಿದೆ. ಈ ಊರಿನ ವಿದ್ಯಾರ್ಥಿಗಳಲ್ಲಿ ಅದರ ಮುಂದೆ ಹಾದುಹೋಗದವರು ವಿರಳ. ಪುರಭವನವನ್ನು ಇಂಗ್ಲಿಷಿನಲ್ಲಿ ಟೌನ್ ಹಾಲ್ ಎನ್ನುವರು. ಈಚಿನ ವರ್ಷಗಳಲ್ಲಿ ಈ ಮಾತಿಗೆ ಹೊಸದೊಂದು ಅರ್ಥ ಬಂದಿದೆ. ಕಂಪೆನಿಯೊಂದರ ಎಲ್ಲ ನೌಕರರನ್ನೂ ಒಂದೆಡೆ ಕೂಡಿಸಿ, ಮೇಲಧಿಕಾರಿಗಳು ಲಾಭನಷ್ಟಗಳನ್ನು ವಿವರಿಸಿ, ಕೊನೆಗೆ ‘ಪ್ರಶ್ನೆಗಳಿದ್ದರೆ ಕೇಳಿ’ ಎನ್ನುವ ಸಭೆಗೂ ಈಗ ಟೌನ್ ಹಾಲ್ ಎಂದೇ ಹೆಸರು. ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಅಣ್ಣನೋ ಅಕ್ಕನೋ ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಆ ಸಭೆಯಲ್ಲಿ ಆಕಳಿಕೆಯನ್ನು ಅಡಗಿಸುವ ಕಷ್ಟವನ್ನು ಅವರು ವರ್ಣಿಸಿಯಾರು.

ಅಂತಹ ಸಭೆಯೊಂದರಲ್ಲಿ ನಾವೂ ಒಮ್ಮೆ ಕುಳಿತಿದ್ದೆವು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮುಖ್ಯಾಧಿಕಾರಿಗಳು ಮುಕ್ಕಾಲು ಗಂಟೆ ಮಾತನಾಡಿದರು, ಚೆನ್ನಾಗಿಯೇ ಮಾತನಾಡಿದರು. ಬಳಿಕ ಪ್ರಶ್ನೆಗಳನ್ನು ಆಹ್ವಾನಿಸಿದರು. ಒಬ್ಬರೂ ಏಳಲಿಲ್ಲ. ‘ಹಾಗಾದರೆ ಎಲ್ಲವೂ ಸರಿಯಾಗಿದೆಯೆಂದು ಭಾವಿಸುತ್ತೇನೆ’ ಎಂದು ಅವರು ನಕ್ಕರು; ಸಭೆ ಮುಗಿಯಿತು. ಹೊರಗೆ ಕಾಫಿಯ ಲೋಟ ಕೈಗೆ ಬರುತ್ತಲೇ ಎಲ್ಲರಿಗೂ ಮಾತು ಬಂದಿತು. ಉಗ್ರಾಣದ ಹಿಂದಿನ ತುರ್ತು ಬಾಗಿಲಿಗೆ ಎರಡು ತಿಂಗಳಿಂದ ಬೀಗ ಬಿದ್ದಿದೆಯೆಂದು ಒಬ್ಬರು ಹೇಳಿದರೆ, ‘ನಿಮಗೂ ಗೊತ್ತೆ?’ ಎಂದು ಇನ್ನಿಬ್ಬರು ಬೆರಗಾದರು. ಬೆಂಕಿ ಬಿದ್ದರೆ ಹೊರಬರಲು ಇರುವ ಬಾಗಿಲು ಅದು. ಒಳಗೆ ನೂರಾರು ಜನ ಕುಳಿತಿದ್ದಾಗ ಈ ಮಾತು ಯಾರ ಬಾಯಿಂದಲೂ ಏಕೆ ಹೊರಡಲಿಲ್ಲ?

ನೌಕರರಿಗೆ ಆಸಕ್ತಿಯಿಲ್ಲವೆಂದು ಹೇಳಿಬಿಡುವುದು ಸುಲಭ. ಆದರೆ ಕಾಫಿಯ ಲೋಟ ಹಿಡಿದ ಅದೇ ಜನಕ್ಕೆ ಆಸಕ್ತಿ ಎಲ್ಲಿಂದ ಬಂದಿತು? ಕಾರಣವನ್ನು ಮನುಷ್ಯರಲ್ಲಿ ಹುಡುಕುವುದಕ್ಕೆ ಮೊದಲು ಸಭೆಯ ರಚನೆಯಲ್ಲಿ ಹುಡುಕುವುದು ಒಳ್ಳೆಯದು.

ಮೊದಲು ಸ್ವಲ್ಪ ಗಣಿತ. ಸಭೆಯಲ್ಲಿ 600 ಜನರಿದ್ದಾರೆ, ಅವಧಿ ಒಂದು ಗಂಟೆ ಎನ್ನೋಣ. ಮುಖ್ಯಸ್ಥರ ಭಾಷಣಕ್ಕೆ 45 ನಿಮಿಷ ಸಂದರೆ ಉಳಿಯುವುದು 15 ನಿಮಿಷ, ಅಂದರೆ 900 ಸೆಕೆಂಡು. ತಲೆಗೆ ಒಂದೂವರೆ ಸೆಕೆಂಡು! ಹೆಸರು ಹೇಳುವುದಕ್ಕೂ ಅದು ಸಾಲದು. ಒಂದು ಪ್ರಶ್ನೆ ಮತ್ತು ಅದರ ಉತ್ತರಕ್ಕೆ ಮೂರು ನಿಮಿಷ ಹಿಡಿದರೆ ಐವರು ಮಾತ್ರ ಮಾತನಾಡಬಲ್ಲರು. ಉಳಿದ 595 ಮಂದಿ ಕೇಳುಗರಾಗಿಯೇ ಇರಬೇಕೆಂಬುದು ಸಭೆ ಸೇರುವುದಕ್ಕೆ ಮೊದಲೇ ನಿಶ್ಚಯವಾಗಿರುತ್ತದೆ. ಇದನ್ನು ಅವರು ಲೆಕ್ಕ ಹಾಕದಿದ್ದರೂ ಅವರ ಮನಸ್ಸು ಬಲ್ಲದು.

ಎರಡನೆಯದು ಗುಂಪಿನ ಸ್ವಭಾವ. ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರು ಜನರಿಂದ ಹಗ್ಗ ಎಳೆಸಿ ಅವರ ಬಲವನ್ನು ಅಳೆದು, ಫಲಿತಾಂಶಗಳನ್ನು 1913ರಲ್ಲಿ ಪ್ರಕಟಿಸಿದರು. ಎಂಟು ಜನ ಕೂಡಿ ಎಳೆದಾಗ ಅವರ ಒಟ್ಟು ಬಲ, ಒಬ್ಬೊಬ್ಬರೇ ಎಳೆದಾಗಿನ ಬಲಗಳ ಮೊತ್ತದ ಅರ್ಧದಷ್ಟೇ ಇದ್ದಿತು! ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯದಿದ್ದುದೇ ಇದಕ್ಕೆ ಕಾರಣವಿರಬಹುದೆಂಬ ಸಂದೇಹ ಉಳಿದಿತ್ತು. 1979ರಲ್ಲಿ ಅಮೆರಿಕದ ಬಿಬ್ ಲಾಟನೆ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಆ ಸಂದೇಹವನ್ನು ಜಾಣತನದಿಂದ ಪರೀಕ್ಷಿಸಿದರು. ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೆಡ್‌ಫೋನು ಹಾಕಿ, ಶಕ್ತಿಯಿದ್ದಷ್ಟೂ ಕೂಗಲು ಹೇಳಿದರು. ಕೂಗುವವನು ಒಬ್ಬನೇ, ಆದರೆ ತನ್ನೊಡನೆ ಇನ್ನೈವರು ಕೂಗುತ್ತಿರುವರೆಂದು ಅವನ ನಂಬಿಕೆ. ಈ ನಂಬಿಕೆಯೊಂದರಿಂದಲೇ ಅವನ ಕೂಗು, ಒಂಟಿಯಾಗಿ ಕೂಗುವೆನೆಂದು ತಿಳಿದಾಗ ಇದ್ದುದರ ಶೇಕಡ 74ಕ್ಕೆ ಇಳಿಯಿತು. ಪ್ರತಿಯೊಬ್ಬರ ದನಿಯನ್ನೂ ಬೇರೆಬೇರೆಯಾಗಿ ಗುರುತಿಸಲಾಗುವುದೆಂದು ತಿಳಿಸಿದರೆ ಈ ಮೈಗಳ್ಳತನ ಮಾಯವಾಗುವುದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಹಗ್ಗ ಎಳೆಯುವುದೂ ಪ್ರಶ್ನೆ ಕೇಳುವುದೂ ಒಂದೇ ಅಲ್ಲ, ನಿಜ. ಆದರೂ ‘ಬೇರೆ ಯಾರಾದರೂ ಕೇಳಿಯಾರು’ ಎಂಬ ಭಾವನೆಯ ಬೇರು ಇಲ್ಲಿದೆಯೆಂದು ನಮಗೆ ತೋರುತ್ತದೆ.

ಮೂರನೆಯದು ಸಂಕೋಚ. ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1951ರಲ್ಲಿ ಪ್ರಕಟಿಸಿದ ಪ್ರಯೋಗ ಬಹು ಪ್ರಸಿದ್ಧ. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗೆರೆಗಳ ಉದ್ದವನ್ನು ಹೋಲಿಸಿ ಹೇಳಬೇಕು. ಜೊತೆಗಿದ್ದವರೆಲ್ಲ ಮೊದಲೇ ಒಪ್ಪಂದ ಮಾಡಿಕೊಂಡು ತಪ್ಪು ಉತ್ತರವನ್ನೇ ಹೇಳುತ್ತಾರೆ. ಆಗ ಏನನ್ನೂ ಅರಿಯದ ಒಬ್ಬನೂ ಸುಮಾರು ಮೂರರಲ್ಲಿ ಒಂದು ಬಾರಿ ತಪ್ಪಿಗೇ ತಲೆದೂಗಿದನು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದ ಉತ್ತರ ಹೇಳಿದರೆ ಸಾಕು, ಈ ತಲೆದೂಗುವಿಕೆ ಕಾಲು ಭಾಗಕ್ಕೆ ಇಳಿಯಿತು. ಸಭೆಯಲ್ಲಿ ಮೊದಲ ಪ್ರಶ್ನೆಗೆ ಎಷ್ಟು ಬೆಲೆಯಿದೆಯೆಂಬುದನ್ನು ಇದರಿಂದ ಊಹಿಸಬಹುದು. ನಮ್ಮ ತುರ್ತು ಬಾಗಿಲಿನ ವಿಷಯದಲ್ಲಿ ಆದುದೂ ಇದೇ. ಎಲ್ಲರೂ ಸುಮ್ಮನಿರುವುದನ್ನು ಕಂಡು, ಬೀಗದ ಸಂಗತಿ ತನಗೊಬ್ಬನಿಗೇ ದೊಡ್ಡದಾಗಿ ಕಾಣುತ್ತಿದೆಯೆಂದು ಪ್ರತಿಯೊಬ್ಬನೂ ಭಾವಿಸಿದನು.

ಸಭೆಯನ್ನು ‘ಸ್ವಾರಸ್ಯಗೊಳಿಸಲು’ ಕೆಲವರು ಹಾಡು, ಆಟ, ಲಾಟರಿಯ ಬಹುಮಾನಗಳನ್ನು ಏರ್ಪಡಿಸುತ್ತಾರೆ. ನಮಗೆ ಅವುಗಳ ಮೇಲೆ ದ್ವೇಷವಿಲ್ಲ. ಬಹುಮಾನ ನಮಗೂ ಒಮ್ಮೆ ಬಂದಿದೆ, ಒಂದು ಫ್ಲಾಸ್ಕು. ಆದರೆ ಅವುಗಳಿಂದ ಬಾಗಿಲಿನ ಬೀಗ ತೆರೆಯುವುದಿಲ್ಲ.

ಉಪಾಯವು ಸಭೆಯ ರಚನೆಯಲ್ಲಿಯೇ ಇದೆ. ಅದೇ 600 ಜನರಿಗೆ, ಪಕ್ಕದಲ್ಲಿ ಕುಳಿತವರೊಡನೆ ಮೂರು ನಿಮಿಷ ಒಂದು ಗೊತ್ತಾದ ಪ್ರಶ್ನೆಯನ್ನು ಚರ್ಚಿಸಲು ಹೇಳೋಣ. 300 ಜೋಡಿಗಳು ಏಕಕಾಲದಲ್ಲಿ ಮಾತನಾಡುವುದರಿಂದ ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ದೊರೆಯುತ್ತದೆ. ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಅರವತ್ತು ಪಟ್ಟು! ಬಳಿಕ ಎಂಟೆಂಟು ಜನರು ಕೂಡಿ ಒಂದು ಚೀಟಿ ಬರೆದರೆ ವೇದಿಕೆಗೆ 75 ಚೀಟಿಗಳು ಬರುತ್ತವೆ. ಬರೆಯುವುದರಲ್ಲಿ ಇನ್ನೊಂದು ಅನುಕೂಲವಿದೆ. 1987ರಲ್ಲಿ ಮೈಕೆಲ್ ಡೀಲ್ ಮತ್ತು ವುಲ್ಫ್‌ಗ್ಯಾಂಗ್ ಸ್ಟ್ರೋಬ ಎಂಬ ಸಂಶೋಧಕರು, ತಮ್ಮ ಸರದಿಗಾಗಿ ಕಾಯುವವರ ತಲೆಯಲ್ಲಿ ಹೊಸ ವಿಚಾರಗಳು ಬಹಳ ಕಡಿಮೆ ಹುಟ್ಟುವುವೆಂದು ಕಂಡುಹಿಡಿದರು. ಒಬ್ಬರು ಮಾತನಾಡುವಾಗ ಉಳಿದವರು ತಮ್ಮ ವಿಚಾರವನ್ನು ನೆನಪಿನಲ್ಲಿ ಹಿಡಿದಿಟ್ಟುಕೊಂಡಿರಬೇಕು, ಇಲ್ಲವೆ ಮರೆಯಬೇಕು. ಕಾಗದದ ಮೇಲಾದರೆ ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ.

ಕೇಳುವವರಿಗೂ ತಾಳ್ಮೆ ಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ ತರಗತಿಗಳನ್ನು ಪರಿಶೀಲಿಸಿದಾಗ, ಉಪಾಧ್ಯಾಯರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದುದು ಕಂಡುಬಂದಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವಾದವು; ತಾವಾಗಿ ಉತ್ತರಿಸುವವರ ಸಂಖ್ಯೆಯೂ ಹೆಚ್ಚಿತು. ವೇದಿಕೆಯ ಮೇಲೆ ಮೌನವಾಗಿ ನಿಂತವರಿಗೆ ಮೂರು ಸೆಕೆಂಡೂ ಒಂದು ಯುಗವೆನಿಸುವುದು. ನಿಂತು ನೋಡಿದವರಿಗೇ ಗೊತ್ತು.

ಇಷ್ಟೆಲ್ಲ ಮಾಡಿ, ಬಂದ ಚೀಟಿಗಳಿಗೆ ಉತ್ತರವೇ ಸಿಗದಿದ್ದರೆ ಮುಂದಿನ ಸಭೆಯಲ್ಲಿ ಯಾರೂ ಬರೆಯರು. ಈ ವಿಷಯದಲ್ಲಿ ನಮ್ಮ ಮೈಸೂರಿನದೇ ಹಳೆಯ ಉದಾಹರಣೆಯೊಂದಿದೆ. ಪುರಭವನಕ್ಕೆ ಯಾರ ಹೆಸರಿದೆಯೋ ಆ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ, ಬಹುಪಾಲು ತಾಲ್ಲೂಕುಗಳ ರೈತರು ಮತ್ತು ವರ್ತಕರು. ಸರ್ಕಾರದ ಹಿಂದಿನ ವರ್ಷದ ಕೆಲಸಗಳನ್ನೂ ಮುಂದಿನ ಉದ್ದೇಶಗಳನ್ನೂ ದಿವಾನರು ಅವರ ಮುಂದಿಟ್ಟರು. ಇದು ವರ್ಷವರ್ಷವೂ ನಡೆಯಿತು. ಪ್ರತಿನಿಧಿಗಳು ತಮ್ಮ ಊರಿನ ಅಹವಾಲುಗಳನ್ನು ಹೇಳಿಕೊಂಡರು. ಸಭೆಗೆ ಆಗ ಕಾನೂನು ಮಾಡುವ ಅಧಿಕಾರವಿರಲಿಲ್ಲ; ಇದು ಅದರ ದೊಡ್ಡ ಕೊರತೆಯೆಂಬುದನ್ನು ಮರೆಮಾಡಬೇಕಾಗಿಲ್ಲ. ಆದರೆ ಅದರ ನಡವಳಿಗಳು ಮುದ್ರಣವಾಗುತ್ತಿದ್ದವು. ಯಾರು ಏನು ಕೇಳಿದರು, ಸರ್ಕಾರ ಏನು ಹೇಳಿತು ಎಂಬುದು ಅಚ್ಚಿನಲ್ಲಿ ಉಳಿಯುತ್ತಿತ್ತು. ಅದನ್ನು ಹಿಡಿದು ಮರುವರ್ಷ ಮತ್ತೆ ಕೇಳಬಹುದಾಗಿತ್ತು. 1923ರ ಸುಧಾರಣೆಯಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. 1949ರವರೆಗೆ ಅದು ಬಾಳಿತು.

1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ವಿಶ್ವೇಶ್ವರಯ್ಯನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ವರ್ಷಕ್ಕೊಮ್ಮೆ ಸೇರಿ ಚದುರುವ ದೊಡ್ಡ ಕೂಟ ಸಾಲದೆಂದು ಕೃಷಿ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳನ್ನು ಮಾಡಿ ಕೆಲಸವನ್ನು ಅವುಗಳಿಗೆ ಹಂಚಲಾಯಿತು.

ನಾವು ಹೇಳಿದ ಆ ಸಂಸ್ಥೆಯಲ್ಲಿ ಮುಂದಿನ ಸಭೆಗೆ ಮೊದಲು ಯಾರೋ ಪುಣ್ಯಾತ್ಮರು ಚೀಟಿಯ ಪೆಟ್ಟಿಗೆಯೊಂದನ್ನು ಇಡಿಸಿದರು. ಹೆಸರು ಬರೆಯುವುದು ಅವರವರ ಇಷ್ಟ. ಭಾಷಣಕ್ಕೆ ಮುಂಚೆಯೇ ಚೀಟಿಗಳನ್ನು ಓದಲಾಯಿತು. ತುರ್ತು ಬಾಗಿಲು ಹಲವು ಚೀಟಿಗಳಲ್ಲಿದ್ದಿತು. ಮುಖ್ಯಾಧಿಕಾರಿಗಳ ಮುಖ ಕೆಂಪಾಯಿತು. ಬೀಗದ ಸಂಗತಿ ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಕಾಫಿ ಬರುವಷ್ಟರಲ್ಲಿ ಬೀಗ ಬಿದ್ದಿತ್ತು, ಈ ಬಾರಿ ಕಸದ ಬುಟ್ಟಿಗೆ.

ಓದುಗರು ಇದನ್ನು ತಮ್ಮ ಕಾಲೇಜಿನ ಸಂಘದಲ್ಲಿಯೋ ಹಾಸ್ಟೆಲಿನ ಊಟದ ಮನೆಯಲ್ಲಿಯೋ ಪರೀಕ್ಷಿಸಬಹುದು. ಒಂದು ವಾರ ‘ಯಾರಿಗಾದರೂ ಹೇಳುವುದಿದೆಯೇ?’ ಎಂದು ಎಲ್ಲರ ಮುಂದೆ ಕೇಳಿ, ಎಷ್ಟು ಜನ ಮಾತನಾಡಿದರೆಂದು ಎಣಿಸಿ. ಮರುವಾರ ಅದೇ ಪ್ರಶ್ನೆಗೆ ಎರಡು ನಿಮಿಷ ಜೋಡಿಯಾಗಿ ಮಾತನಾಡಲು ಬಿಟ್ಟು, ಚೀಟಿ ಬರೆಸಿ, ಎಣಿಸಿ. ವಿಷಯಗಳ ಸಂಖ್ಯೆಯನ್ನೂ ಬೇರೆಯಾಗಿ ಬರೆದಿಡಿ. ಮೂರನೆಯ ವಾರ ಚೀಟಿಗಳಿಗೆ ಉತ್ತರ ಕೊಡದೆ ಇದ್ದು, ನಾಲ್ಕನೆಯ ವಾರ ಎಷ್ಟು ಚೀಟಿ ಬರುವುವೆಂದು ನೋಡುವುದೂ ಒಂದು ಪ್ರಯೋಗವೇ. ಆದರೆ ಊಟದ ಮನೆಯ ಸಾರಿನ ವಿಷಯದಲ್ಲಿ ಅದನ್ನು ಮಾಡುವ ಧೈರ್ಯ ನಮಗಿಲ್ಲ.