ಆರು ತಂತಿಗೆ ಹಲವು ಕೈ

ಕೆಂಚಾರ್ಲಹಳ್ಳಿಯಲ್ಲಿ, ಬಡಗಿಯ ಕೊಟ್ಟಿಗೆಯ ಮುಂದೆ, ಹುಣಸೆ ಮರದ ನೆರಳಲ್ಲಿ, ಗೋಣಿತಾಟಿನ ಮೇಲೆ ಒಂದು ಎಲೆಕ್ಟ್ರಿಕ್ ಗಿಟಾರ್ ಬಿಡಿಬಿಡಿಯಾಗಿ ಮಲಗಿದೆ. ಬಣ್ಣ ಕಾಣದ ಮರದ ಒಡಲು, ಅದರ ಹೊಟ್ಟೆಯಲ್ಲಿ ಕೊರೆದ ಗುಳಿಗಳು, 22 ಲೋಹದ ಫ್ರೆಟ್ಟುಗಳನ್ನು ಹೊತ್ತ ನೀಳ ಕತ್ತು, ಬಿಳಿ ಫಲಕದ ಮೇಲೆ ಓರೆಯಾಗಿಯೂ ನೇರವಾಗಿಯೂ ಕೂತ ಮೂರು ಪಿಕಪ್ಪು, ಆರು ಬಿರಡೆ, ಪೊಟ್ಟಣದೊಳಗೆ ಸುತ್ತಿಟ್ಟ ತಂತಿಗಳು, ಯಾವುದು ಎಲ್ಲಿಗೆಂದು ಯಾರೂ ಬರೆದಿಡದ ಒಂದು ಹಿಡಿ ಸ್ಕ್ರೂ. ರಸ್ತೆಯಲ್ಲಿ ಟೊಮೆಟೊ ಕ್ರೇಟು ತುಂಬಿದ ಗೂಡ್ಸ್ ಆಟೊ ಚಿಂತಾಮಣಿ ಮಾರುಕಟ್ಟೆಯತ್ತ ದಡದಡನೆ ಓಡುತ್ತದೆ. ಹೋಗಿ ಬರುವವರು ನಿಂತು ನೋಡುತ್ತಾರೆ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಎಲ್ಲರೂ ಕೇಳುವುದು ಒಂದೇ: ಇದನ್ನೆಲ್ಲ ಕೂಡಿಸಿದರೆ ನುಡಿಯುತ್ತದಾ?

ಕಿಟ್ ತರಿಸಿದವನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಓದುತ್ತಿರುವ ಹುಡುಗ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಗಿಟಾರಿನವನ ಪಕ್ಕದಲ್ಲೇ ನಿಂತು ಅವನ ಬೆರಳು ನೋಡುತ್ತ ಬೆಳೆದವನು. ಹಾಗೆಂದು ಅವನ ಕಿವಿಗೆ ಬಿದ್ದದ್ದು ಆರ್ಕೆಸ್ಟ್ರಾ ಒಂದೇ ಅಲ್ಲ. ಇದೇ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆ ಬಂತೆಂದರೆ ಸಂತಕವಿ ನಾರೇಯಣ ತಾತಯ್ಯನವರ ಸನ್ನಿಧಿಯಲ್ಲಿ 72 ಗಂಟೆ ಎಡೆಬಿಡದೆ ಸಂಗೀತ ನಡೆಯುತ್ತದೆ. ಹೆಸರಾಂತ ವಿದ್ವಾಂಸರ ಕಛೇರಿ ಮುಗಿದ ವೇದಿಕೆಗೇ ಹಳ್ಳಿಯ ಭಜನೆ ತಂಡವೂ ಹತ್ತುತ್ತದೆ. ತಾತಯ್ಯನವರ ಕೀರ್ತನೆಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಇಂಥ ನೆಲದಲ್ಲಿ ಹಾಡು ಕೇಳದೆ ಬೆಳೆಯುವುದೇ ಕಷ್ಟ. ವಾದ್ಯ ಕಟ್ಟುವುದು ಮಾತ್ರ ಇಲ್ಲಿನವರಿಗೆ ಹೊಸದು.

ಹೊಸದು ಎಂದು ಮೊದಲು ಅನ್ನಿಸುತ್ತದೆ. ಕೆಲಸ ಶುರುವಾಗಿ ಒಂದೊಂದು ಭಾಗ ಒಬ್ಬೊಬ್ಬರ ಕೈಗೆ ಹೋಗುತ್ತಿದ್ದಂತೆ ಬೇರೆಯದೇ ಸಂಗತಿ ಕಾಣತೊಡಗುತ್ತದೆ. ಗಿಟಾರ್ ಕಟ್ಟಲು ಬೇಕಾದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಈ ಊರಿನಲ್ಲಿ ಆಗಲೇ ಇದೆ. ಅದು ಬಾಗಿಲು, ಪಂಪು, ನೂಲು ಎಂಬ ಬೇರೆ ಬೇರೆ ಹೆಸರಿನಲ್ಲಿ ಇದೆ, ಅಷ್ಟೆ.

ಮೊದಲ ಕೈ ಬಡಗಿಯದು. ಒಡಲಿನ ಮರವನ್ನು ಉಗುರಿನಿಂದ ಮೀಟಿ ನೋಡಿ, ಹಗುರ ಮರ, ಬೇಗ ಕುಡಿಯುತ್ತದೆ, ಎನ್ನುತ್ತಾರೆ. ಬಣ್ಣವನ್ನು ಕುಡಿಯುವ ಮಾತು ಅದು. ಹಾಗಾಗಿ 120ನೇ ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 220, 320, ಕೊನೆಗೆ 400ರವರೆಗೆ ಉಜ್ಜಬೇಕು. ಪ್ರತಿ ಸಲವೂ ಮರದ ಎಳೆಯ ಜಾಡಿನಲ್ಲೇ, ಅಡ್ಡಡ್ಡ ಎಂದೂ ಅಲ್ಲ. ನಡುವೆ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಕಣ್ಣಿಗೆ ಕಾಣದ ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಅದನ್ನೂ ಉಜ್ಜಿ ಮಲಗಿಸಬೇಕು. ಹುಡುಗನ ಮೊಣಕೈವರೆಗೂ ರಾಗಿಹಿಟ್ಟಿನಷ್ಟು ನುಣ್ಣನೆಯ ಧೂಳು. ಸೀಲರ್ ಬಳಿದು, ಆರಲು ಬಿಟ್ಟು, ಮತ್ತೆ ಉಜ್ಜಿ, ಮತ್ತೆ ಬಳಿದ ಮೇಲೆ ಮರದೊಳಗಿನ ಗೆರೆಗಳು ತೇಲಿ ಬರುತ್ತವೆ. ಚಿಂತಾಮಣಿ ಸೀಮೆಯ ಒಣಹವೆ ಈ ಕೆಲಸಕ್ಕೆ ಒಳ್ಳೆಯದು. ಗಾಳಿಯ ತೇವಕ್ಕೆ ಬಿಳಿಚಿಕೊಳ್ಳುವ ಮೆರುಗು ಇಲ್ಲಿ ಗಾಜಿನಂತೆ ತಿಳಿಯಾಗಿ ಕೂರುತ್ತದೆ.

ಕತ್ತಿನ ಮೇಲಿನ ಕಪ್ಪು ಕಂದು ಪಟ್ಟಿಯನ್ನು ತೋರಿಸಿ ಇದು ಬೀಟೆಯೇ ಎಂದು ಬಡಗಿ ಕೇಳುತ್ತಾರೆ. ಕಡಿಮೆ ಬೆಲೆಯ ಕಿಟ್ಟಿನಲ್ಲಿ ಬೀಟೆ ಸಿಗುವುದು ಅಪರೂಪ. ಆದರೆ ಪ್ರಶ್ನೆ ತಪ್ಪಲ್ಲ. ನಮ್ಮ ಮಲೆನಾಡು, ಕೊಡಗಿನ ಕಾಡಿನಲ್ಲಿ ಬೆಳೆಯುವ ಇದೇ ಬೀಟೆ ಜಗತ್ತಿನ ಎಷ್ಟೋ ಗಿಟಾರುಗಳ ಬೆರಳುಪಟ್ಟಿಯಾಗಿದೆ. ಬ್ರೆಜಿಲ್ಲಿನ ಬೀಟೆ ಸಿಗುವುದು ದುಸ್ತರವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಗಿಟಾರುಗಳಿಗೆ ಭಾರತದ ಬೀಟೆಯನ್ನು ಹಿಡಿಯಿತು. 2017ರಲ್ಲಿ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುನಿಟ್ಟಿಗೆ ಒಳಗಾಗಿ ವಾದ್ಯ ತಯಾರಕರು ಪರದಾಡಿದರು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಪರದೇಶದ ವಾದ್ಯ ಎಂದು ನಾವು ದೂರ ಇಟ್ಟಿದ್ದರಲ್ಲಿ ನಮ್ಮ ಘಟ್ಟದ ಮರ ಬಹಳ ಹಿಂದೆಯೇ ಸೇರಿಹೋಗಿದೆ.

ಫ್ರೆಟ್ಟುಗಳ ಅಂತರ ನೋಡಿದರೆ ಬಡಗಿಗೆ ಇನ್ನಷ್ಟು ಬೆರಗು. ಒಂದಕ್ಕಿಂತ ಒಂದು ಹತ್ತಿರ ಹತ್ತಿರ ಬರುವ ಈ ಸಾಲು ಕಣ್ಣಳತೆಯದಲ್ಲ. ಈ ಮಾದರಿಯ ಗಿಟಾರಿನಲ್ಲಿ ತಂತಿ ಮಿಡಿಯುವ ಉದ್ದ 25.5 ಅಂಗುಲ, ಅಂದರೆ ಸುಮಾರು 648 ಮಿಲಿಮೀಟರ್. ಆ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಜಾಗ: 36 ಮಿಲಿಮೀಟರಿಗೆ ಕೊಂಚ ಮೇಲೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ ಹನ್ನೆರಡನೆಯ ಫ್ರೆಟ್ಟು ತಂತಿಯ ನಟ್ಟನಡುವೆ ಬಂದು ನಿಲ್ಲುತ್ತದೆ. ಅಲ್ಲಿ ಮೇಲಿನ ಷಡ್ಜ. ಬಡಗಿ ಸ್ಟೀಲ್ ಸ್ಕೇಲ್ ಇಟ್ಟು ನೋಡುತ್ತಾರೆ. ಅರ್ಧ ನೂಲು ಹೆಚ್ಚುಕಮ್ಮಿಯಾದರೆ ಬಾಗಿಲು ಕಿರುಗುಟ್ಟೀತು, ಸ್ವರವಾದರೋ ಕೆಡುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವೀಣೆ ಮಾಡುವವರು ಈ ಲೆಕ್ಕವನ್ನು ಕಿವಿಯಲ್ಲಿ ಇಟ್ಟುಕೊಂಡವರು. ಹಲಸಿನ ಮರದ ಒಡಲು ಸಿದ್ಧವಾದ ಮೇಲೆ ಕಪ್ಪು ಮೇಣದ ದಿಂಡಿನ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸುತ್ತಾರೆ; ಮೀಟಿ ಕೇಳುತ್ತಾರೆ, ಮೇಣ ಬೆಚ್ಚಗಿರುವಾಗಲೇ ಕೂದಲೆಳೆಯಷ್ಟು ಸರಿಸುತ್ತಾರೆ, ಮತ್ತೆ ಕೇಳುತ್ತಾರೆ. ಅದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಮೇಣ ಮೆದುವಾದರೆ, ಮೆಟ್ಟಿಲು ಸವೆದರೆ, ಮತ್ತೆ ಕಟ್ಟಿಸಬೇಕು. ಗಿಟಾರಿನ ಫ್ರೆಟ್ಟು ಮರದ ಸೀಳಿನಲ್ಲಿ ಬಿಗಿಯಾಗಿ ಕೂತದ್ದು, ಸರಿಯುವುದಿಲ್ಲ. ಸರಿಸಬೇಕಾದದ್ದು ತಂತಿಯ ಇನ್ನೊಂದು ತುದಿಯನ್ನು, ಬ್ರಿಡ್ಜಿನ ಮೇಲಿರುವ ಆರು ಪುಟ್ಟ ಕುದುರೆಗಳನ್ನು. ಶ್ರುತಿಗಾಗಿ ಪಡುವ ಪಾಡು ಎರಡರಲ್ಲೂ ಒಂದೇ.

ಎರಡನೆಯ ಕೈ ಮೋಟಾರ್ ವೈಂಡಿಂಗ್ ಅಂಗಡಿಯದು. ವರ್ಷವಿಡೀ ಹರಿಯುವ ನದಿ ನಾಲೆ ಇಲ್ಲದ ಈ ಸೀಮೆ ಬದುಕುವುದು ಕೊಳವೆಬಾವಿಯ ಮೇಲೆ. ಸಾವಿರ ಅಡಿಗೂ ಕೆಳಗೆ ಇಳಿದ ಪಂಪಿನ ಮೋಟಾರು ವೋಲ್ಟೇಜಿನ ಏರಿಳಿತಕ್ಕೆ ಸುಟ್ಟುಹೋಗುವುದು, ಅದನ್ನು ಮೇಲೆತ್ತಿ ತಾಮ್ರ ಬಿಚ್ಚಿ ಮತ್ತೆ ಸುತ್ತಿಸುವುದು ಇಲ್ಲಿನ ರೈತರ ಬಾಳಿನ ಮಾಮೂಲು ಸಂಕಟ. ಅಂಗಡಿಯಾತ ಪಿಕಪ್ಪಿನ ಬಿಳಿ ಮುಚ್ಚಳ ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು, ಕಾಯಿಲ್ ಎನ್ನುತ್ತಾನೆ. ಹೌದು, ಅದು ಕಾಯಿಲ್ಲೇ. ಆರು ಪುಟ್ಟ ಕಾಂತದ ಕಡ್ಡಿಗಳು, ಅವುಗಳ ಸುತ್ತ 42 ಗೇಜಿನ ಎನಾಮಲ್ ತಾಮ್ರ. ದಪ್ಪ 0.063 ಮಿಲಿಮೀಟರ್, ಬಿಡಿ ಎಳೆ ಬೆಳಕಿಗೆ ಹಿಡಿದರಷ್ಟೇ ಕಾಣುತ್ತದೆ. ಅಂಥದ್ದು ಸುಮಾರು ಎಂಟು ಸಾವಿರ ಸುತ್ತು. ಮೀಟರ್ ಇಟ್ಟರೆ ಆರು ಸಾವಿರ ಓಮಿನ ಆಸುಪಾಸು ತೋರಿಸುತ್ತದೆ. ತಂತಿ ಎಲ್ಲೂ ತುಂಡಾಗಿಲ್ಲ ಎಂದು ಅವನು ತೀರ್ಪು ಕೊಡುತ್ತಾನೆ.

ಬಿಚ್ಚಿ ನೆಟ್ಟಗೆ ಹಿಡಿದರೆ ಆ ತಾಮ್ರ ಒಂದು ಕಿಲೋಮೀಟರಿಗೂ ಮೀರಿ ಓಡೀತು. ಪಕ್ಕದ ಶಿಡ್ಲಘಟ್ಟದ ರೀಲರುಗಳಿಗೆ ಇದು ಪರಿಚಯದ ಉದ್ದ. ಒಳ್ಳೆಯ ದ್ವಿತಳಿ ಗೂಡೊಂದನ್ನು ಬಿಸಿನೀರಿನಲ್ಲಿ ಮೆದುಮಾಡಿ ಬಿಚ್ಚಿದರೆ ಸುಮಾರು ಸಾವಿರ ಮೀಟರ್ ಎಳೆ ಬರುತ್ತದೆ. ಎಳೆ ಕಡಿಯದಂತೆ ರಾಟೆಯ ವೇಗ ಹಿಡಿಯುವುದು, ಬೆರಳ ತುದಿಯಲ್ಲೇ ಬಿಗಿ ಸಡಿಲ ತಿಳಿಯುವುದು, ಕಡಿದ ಕೂಡಲೇ ತುದಿ ಹುಡುಕಿ ಸೇರಿಸುವುದು: ಪಿಕಪ್ ಸುತ್ತುವವರಿಗೂ ಬೇಕಾದದ್ದು ಇದೇ ಬೆರಳು.

ಈ ಕಾಯಿಲ್ ಕೆಲಸ ಮಾಡುವ ಬಗೆಯನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ಕಂಡುಕೊಂಡಿದ್ದ. ಕಾಂತಕ್ಷೇತ್ರ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ಪಿನ ಮೇಲೆ ಉಕ್ಕಿನ ತಂತಿ ಮಿಡಿದಾಗ ಆ ಕ್ಷೇತ್ರ ಅದರ ಜೊತೆಗೇ ನಡುಗುತ್ತದೆ. ತಂತಿ ಸೆಕೆಂಡಿಗೆ 110 ಸಲ ಆಡಿದರೆ ವಿದ್ಯುತ್ತೂ 110 ಸಲ ಆಡುತ್ತದೆ. ಆ ಸಣ್ಣ ಮಿಡಿತವನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಹಿತ್ತಾಳೆ ತಂತಿ ಹಾಕಿದರೆ ಪಿಕಪ್ ಕಿವುಡು. ಬೋರಿನ ಮೋಟಾರಿನಲ್ಲಿ ವಿದ್ಯುತ್ತು ತಿರುಗುವಿಕೆಯಾಗುತ್ತದೆ, ಇಲ್ಲಿ ತಂತಿಯ ಆಟ ವಿದ್ಯುತ್ತಾಗುತ್ತದೆ. ವೈಂಡಿಂಗ್ ಅಂಗಡಿಯ ಬೆಂಚಿನ ಮೇಲೆ ಸುಟ್ಟ ಸ್ಟೇಟರ್ ಪಕ್ಕದಲ್ಲಿ ಪಿಕಪ್ ಇಟ್ಟು ನೋಡಿದಾಗ ಪಾಠಪುಸ್ತಕದ ಆ ಪುಟ ಹುಡುಗನಿಗೆ ಮೊದಲ ಸಲ ಪೂರ್ತಿ ತೆರೆದುಕೊಂಡಿತು.

ಮೂರನೆಯ ಕೈ ಆ ಹುಡುಗನದೇ, ಸೋಲ್ಡರಿಂಗ್ ಕಡ್ಡಿ ಹಿಡಿದದ್ದು. ಕಿಟ್ಟಿನ ಜೊತೆ ಬಂದ, ಸದ್ದನ್ನೂ ನಾದವನ್ನೂ ತಿದ್ದುವ ಪಾಟ್‌ಗಳು ತಿರುಗಿಸಿದರೆ ಗರಗರ ಎನ್ನುತ್ತಿದ್ದವು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 250 ಕಿಲೋ ಓಮಿನ ಮೂರು ಪಾಟ್, ಒಂದು ಕೆಪಾಸಿಟರ್, ಗುಳಿಯ ಒಳಮೈಗೆ ಅಂಟಿಸಲು ತಾಮ್ರದ ಟೇಪು ತಂದಿದ್ದಾನೆ. ರೇಡಿಯೊ ಕಾಲದಿಂದ ಕರ್ನಾಟಕದ ಎಷ್ಟೋ ರಿಪೇರಿ ಅಂಗಡಿಗಳನ್ನು ಸಾಕಿದ ಬೀದಿ ಅದು. ಸೀಸ ಕರಗಿ ಬೆಳ್ಳಗೆ ಹೊಳೆಯುತ್ತ ತಂತಿಯನ್ನು ಅಪ್ಪಿಕೊಳ್ಳಬೇಕು. ಮಂಕಾಗಿ ಗಂಟುಕಟ್ಟಿದರೆ ಆ ಜೋಡಣೆ ನಂಬುವಂಥದಲ್ಲ. ಬ್ರಿಡ್ಜಿನಿಂದ ಪಾಟಿನ ಬೆನ್ನಿಗೆ ಒಂದು ತಂತಿ ಎಳೆದರೆ ಅರ್ಥಿಂಗ್ ಆಯಿತು. ಅದನ್ನು ಮರೆತರೆ ಏನಾಗುತ್ತದೆಂದು ಕೇಳಬೇಕಾದರೆ ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ಕಾಯಬೇಕು. ಸುತ್ತಲ ತೋಟಗಳಲ್ಲಿ ಸ್ಟಾರ್ಟರುಗಳು ಎತ್ತಿಕೊಂಡವೆಂದರೆ 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆಯೆಲ್ಲ ಈ ಪುಟ್ಟ ಕಾಯಿಲ್ಲಿಗೇ ಬಂದು ಸೇರುತ್ತದೆ. ತಾಮ್ರದ ಟೇಪು, ಗಟ್ಟಿ ಅರ್ಥಿಂಗ್ ಅದನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆ. ಪೂರ್ತಿ ಅಡಗಿಸಲು ಎದುರುಬದುರು ಸುತ್ತಿದ ಜೋಡಿ ಕಾಯಿಲ್ಲಿನ ಉಪಾಯವನ್ನು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹೂಡಿದ್ದ.

ಇಷ್ಟೆಲ್ಲ ಬಿಡಿಬಿಡಿಯಾಗಿ ಮಾಡಲು ಸಾಧ್ಯವಾದದ್ದು ರೇಡಿಯೊ ರಿಪೇರಿಯವನೊಬ್ಬನಿಂದ. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ 1938ರಲ್ಲಿ ರೇಡಿಯೊ ಅಂಗಡಿ ತೆರೆದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ರಿಪೇರಿಗೆ ಬಂದದ್ದನ್ನು ಬಿಚ್ಚಿ ಜೋಡಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. 1950ರಲ್ಲಿ ಅವನು ಮಾರುಕಟ್ಟೆಗೆ ತಂದ ಗಿಟಾರಿನ ಕತ್ತು ಅಂಟಿಸಿದ್ದಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದದ್ದು. ಕೆಟ್ಟರೆ ಬಿಚ್ಚಿ ಬೇರೆಯದು ಹಾಕಿ ಎಂಬ ರಿಪೇರಿಯವನ ವಿವೇಕ ಅದರಲ್ಲಿದೆ. 1954ರ ಸ್ಟ್ರ್ಯಾಟೊಕ್ಯಾಸ್ಟರ್ ಬಂದದ್ದೂ ಅದೇ ದಾರಿಯಲ್ಲಿ. ಗೋಣಿತಾಟಿನ ಮೇಲಿರುವುದು ಅದರ ಅಚ್ಚು. ಅತ್ತ ಇಂಗ್ಲೆಂಡಿನಲ್ಲಿ ಗಿಟಾರ್ ಕೊಳ್ಳಲು ದುಡ್ಡಿಲ್ಲದ ಶಾಲಾ ಹುಡುಗ ಬ್ರಯನ್ ಮೇ 1963ರಲ್ಲಿ ಎಂಜಿನಿಯರ್ ತಂದೆಯ ಜೊತೆ ಕೂತು ತನ್ನದನ್ನು ತಾನೇ ಕಟ್ಟಲು ತೊಡಗಿದ. ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ ಕತ್ತಾಯಿತು, ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು ತಂತಿಯ ಬಿಗಿತಕ್ಕೆ ಎದುರು ನಿಂತವು, ಮುತ್ತಿನ ಚಿಪ್ಪಿನ ಗುಂಡಿಗಳು ಫ್ರೆಟ್ಟಿನ ಗುರುತಾದವು. ಮುಂದೆ ಕ್ವೀನ್ ತಂಡದ ಹಾಡುಗಳಲ್ಲಿ ಜಗತ್ತು ಕೇಳಿದ್ದು ಆ ಗಿಟಾರನ್ನೇ.

ಕೆಂಚಾರ್ಲಹಳ್ಳಿಯ ಗಿಟಾರಿಗೆ ಸಂಜೆ ಹೊತ್ತಿಗೆ ತಂತಿ ಏರುತ್ತದೆ. ದಪ್ಪನೆಯದು ಮೊದಲು. ಆರೂ ಬಿಗಿದರೆ ಕತ್ತಿನ ಮೇಲೆ ಬೀಳುವ ಎಳೆತ ಸುಮಾರು 38 ಕಿಲೋ. ಮರ ಬಾಗದಂತೆ ಒಳಗೆ ಉಕ್ಕಿನ ಸರಳಿದೆ. ಅಲೆನ್ ಕೀ ಹಾಕಿ ಅದನ್ನು ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು, ಮತ್ತೆ ನೋಡಬೇಕು. ಇಲ್ಲಿ ಆತುರ ಸಲ್ಲದು. ಆಮೇಲೆ ಬರುವುದು ಸೂಕ್ಷ್ಮದ ಕೆಲಸ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳು ಸೋಕಿಸಿ ಮೀಟಿದಾಗ ಬರುವ ತೆಳು ನಾದ, ಅಲ್ಲೇ ಒತ್ತಿ ಮೀಟಿದಾಗ ಬರುವ ತುಂಬುನಾದ ಎರಡೂ ಒಂದೇ ಸ್ವರವಾಗಬೇಕು. ಒತ್ತಿದ್ದು ಏರಿದರೆ ಕುದುರೆಯನ್ನು ಹಿಂದಕ್ಕೆ, ಇಳಿದರೆ ಮುಂದಕ್ಕೆ. ಫೋನಿನ ಟ್ಯೂನರ್ ಮುಳ್ಳು ನಡುವೆ ನಿಂತರೂ ಹುಡುಗ ಒಪ್ಪುವುದಿಲ್ಲ. ಭಜನೆ ಮನೆಯ ಶ್ರುತಿಪೆಟ್ಟಿಗೆ ಹಚ್ಚಿ, ಅದರ ಷಡ್ಜಕ್ಕೆ ತಂತಿ ಸೇರಿಸಿ, ತಲೆ ಆಡಿಸಿದ ಮೇಲೆಯೇ ಸ್ಕ್ರೂಡ್ರೈವರ್ ಕೆಳಗಿಡುತ್ತಾನೆ. ಬಡಗಿ ಬಂದಿದ್ದಾರೆ, ವೈಂಡಿಂಗ್ ಅಂಗಡಿಯಾತ ಬಂದಿದ್ದಾನೆ. ಮೊದಲ ಮೀಟಿಗೆ ಬಡಗಿ ನೋಡಿದ್ದು ಕತ್ತಿನ ಜೋಡಣೆಯನ್ನು, ಅಂಗಡಿಯಾತ ನೋಡಿದ್ದು ಕಾಯಿಲ್ಲಿನ ಕಡೆ. ಇಬ್ಬರಿಗೂ ಅದು ತಮ್ಮ ಕೆಲಸ ನುಡಿದ ಸದ್ದು.

ಈ ಹುಡುಗ ನಾಳೆ ದೊಡ್ಡ ಗಿಟಾರ್ ವಾದಕನಾಗುತ್ತಾನೋ ಇಲ್ಲವೋ, ಅದು ಅವನ ಸಾಧನೆಗೆ ಬಿಟ್ಟದ್ದು. ಆದರೆ ವಾದ್ಯದ ಯಾವ ಭಾಗ ಕೆಟ್ಟರೂ ಅವನು ಹೆದರುವುದಿಲ್ಲ; ನಾದ ಎಲ್ಲಿ ಹುಟ್ಟಿ ಎಲ್ಲಿ ಹಾದು ಬರುತ್ತದೆಂಬ ದಾರಿ ಅವನಿಗೆ ಗೊತ್ತು. ಮರಗೆಲಸ, ಅಳತೆ, ಕಾಂತ, ವಿದ್ಯುತ್ತು, ಶ್ರುತಿ ಇಷ್ಟನ್ನೂ ಒಂದೇ ವಸ್ತುವಿನಲ್ಲಿ ಕಲಿಸುವ ಪಾಠ ಇನ್ನೊಂದು ಸಿಗುವುದು ಅಪರೂಪ. ನಮ್ಮ ಐಟಿಐಗಳಲ್ಲಿ, ಹೈಸ್ಕೂಲುಗಳಲ್ಲಿ ವರ್ಷಕ್ಕೊಂದು ಕಿಟ್ ತಂದಿಟ್ಟು, ಊರಿನ ಬಡಗಿಯನ್ನೂ ವೈಂಡಿಂಗ್ ಅಂಗಡಿಯವನನ್ನೂ ಮೇಷ್ಟರೆಂದು ಕರೆದು ಕೂರಿಸಬೇಕು. ಹುಡುಗ ಈಗಾಗಲೇ ಎರಡನೆಯ ಗಿಟಾರಿನ ಮಾತು ಎತ್ತಿದ್ದಾನೆ. ಅದಕ್ಕೆ ಕಿಟ್ಟಿನ ಒಡಲು ಬೇಡವಂತೆ. ಬಡಗಿಯ ಅಟ್ಟದ ಮೇಲೆ ವರ್ಷಗಳಿಂದ ಒಣಗಿರುವ ಹಲಸಿನ ಹಲಗೆ ಇದೆ. ಅವರು ಕೊಡುತ್ತೇನೆ ಎಂದಿದ್ದಾರೆ, ಒಂದು ಕರಾರಿನ ಮೇಲೆ: ಗೆರೆ ಹಾಕಿ ಕೊಯ್ಯುವುದು ತಾವು, ಉಜ್ಜುವುದು ಅವನು.