ಶಾಲೆ ಮತ್ತು ದುಡಿಮೆಯ ಸ್ಥಳಗಳಲ್ಲಿ ಕಿರುಕುಳ: ಕಾನೂನಿನ ಎರಡು ಅಳತೆಗಳು

ಉತ್ತರ ಬೆಂಗಳೂರಿನ ಯಲಹಂಕ, ಯಶವಂತಪುರಗಳಲ್ಲಿ ಮಕ್ಕಳು ಶಾಲೆಗೂ ತಾಯಂದಿರು ದುಡಿಮೆಗೂ ಹೊರಡುವ ಮನೆಗಳು ಅನೇಕ. ಈ ಎರಡೂ ತಾಣಗಳ ಕಿರುಕುಳವನ್ನು ಕಾನೂನು ಒಂದೇ ಬಗೆಯಲ್ಲಿ ಪರಿಗಣಿಸಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ದುಡಿಯುವ ಮಹಿಳೆಗೆ 1997ರ ವಿಶಾಖ ತೀರ್ಪು ಹಾಗೂ 2013ರ ಕಾಯ್ದೆ ಲೈಂಗಿಕ ಕಿರುಕುಳದಿಂದ ರಕ್ಷಣೆ ಒದಗಿಸಿವೆ. 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಆದರೆ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಗಂಟೆಯ ಗುರಿ ತಪ್ಪಿದಾಗ ಮೇಲ್ವಿಚಾರಕನಾಡುವ ಬೈಗುಳ, ಲೈಂಗಿಕ ಸ್ವರೂಪದ್ದಲ್ಲದಿದ್ದರೆ, ಈ ಕಾಯ್ದೆಯ ವ್ಯಾಪ್ತಿಗೆ ಬಾರದು. ಅದಕ್ಕೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಮಗುವಿನ ವಿಷಯದಲ್ಲಿ ಶಿಸ್ತುಕ್ರಮಕ್ಕೆ ಕಾರಣವಾಗುವ ಅವಮಾನವನ್ನು ತಾಯಿ ಕೂಲಿಯ ಭಾಗವೆಂಬಂತೆ ಸಹಿಸಬೇಕಾಗಿದೆ. ‘ಹೊಂದಿಕೊಂಡು ಹೋಗು’ ಎಂಬ ಸಮಾಜದ ಉಪದೇಶವು ಈ ಕೊರತೆಯನ್ನು ಮರೆಮಾಚುತ್ತದೆ. ಘನತೆಯ ಹಕ್ಕಿಗೆ ವಯಸ್ಸಿನ ಮಿತಿ ಇರಲಾಗದು.