ಗೋವಿನ ಹಾಡಿಗೆ ವಂತಿಗೆ ಕೊಟ್ಟವರು

ಜಾನಪದ ಹಾಡೊಂದು ಆನಿಮೇಷನ್ ಆಗಿ ತೆರೆಗೆ ಬಂತೆಂದರೆ ಕೇಳುಗರು ಎರಡು ಪಂಗಡವಾಗುತ್ತಾರೆ. ಮಕ್ಕಳಿಗಾದರೂ ಹಾಡು ತಲುಪಿತಲ್ಲ ಎಂದು ಕೆಲವರಿಗೆ ಸಮಾಧಾನ. ನಮ್ಮ ಹುಲಿ ಹೀಗಿರಲಿಲ್ಲ ಎಂದು ಉಳಿದವರ ತಕರಾರು. ಈ ತಕರಾರನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕುವಂತಿಲ್ಲ. ಜಾನಪದದಲ್ಲಿ ಕೇಳುಗನಿಗೂ ಪಾಲಿದೆ ಎಂಬುದಕ್ಕೆ ಅದೇ ಸಾಕ್ಷಿ, ಮತ್ತು ಬೆಂಗಳೂರಿನ 'ಪುಣ್ಯಕೋಟಿ' ಚಿತ್ರದಲ್ಲಿ ಈ ಪಾಲು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿತ್ತು. ಇನ್ಫೊಸಿಸ್‌ನಲ್ಲಿ ಉದ್ಯೋಗಿಯಾಗಿದ್ದ ವಿ. ರವಿಶಂಕರ್ ನಿರ್ದೇಶಿಸಿದ ಈ ಸಂಸ್ಕೃತ ಆನಿಮೇಷನ್ ಚಿತ್ರದ ಕಥೆ ನಮ್ಮ ಗೋವಿನ ಹಾಡಿನದು. ಇಳಯರಾಜಾ ಸಂಗೀತ, ನಟಿ ರೇವತಿಯವರ ದನಿ. ಆದರೂ ನಿರ್ಮಾಣಕ್ಕೆ ಆಸರೆಯಾದದ್ದು ಕಥೆಯನ್ನು ಮೆಚ್ಚಿದ ಜನರ ವಂತಿಗೆ. 2020ರಲ್ಲಿ ಚಿತ್ರ ನೆಟ್‌ಫ್ಲಿಕ್ಸ್‌ಗೆ ಬಂತು. ಅಭಿಮಾನಿಗಳು ನೋಡಿದ ಮೇಲೆ ಪ್ರತಿಕ್ರಿಯಿಸುವುದು ವಾಡಿಕೆ. ಇಲ್ಲಿ ನೋಡುವ ಮೊದಲೇ ಕೈಯಿಂದ ದುಡ್ಡು ಬಿಚ್ಚಿದ್ದರು. ಬಯಲಾಟಕ್ಕೆ ಊರೆಲ್ಲ ಸೇರಿ ಹಣ ಎತ್ತುವ ರೀತಿಯೇ ಇದು, ಇಂಟರ್‌ನೆಟ್ ಹಾದಿಯಲ್ಲಿ.

ಈ ನಗರದಲ್ಲಿ ಆನಿಮೇಷನ್ ಬಲ್ಲವರಿಗೆ ಬರವಿಲ್ಲ. ದೇಶದಲ್ಲೇ ಮೊದಲು ಈ ಉದ್ಯಮಕ್ಕೆಂದು ನೀತಿ ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. ಡಿಸ್ನಿಯ 2019ರ 'ದಿ ಲಯನ್ ಕಿಂಗ್' ಚಿತ್ರದ ಸಿಂಹಗಳ ಹಿಂದೆ ಎಂ.ಪಿ.ಸಿ. ಸಂಸ್ಥೆಯ ಬೆಂಗಳೂರು ಕಲಾವಿದರ ಕೆಲಸವೂ ಇದೆ. ಆಫ್ರಿಕಾದ ಸಿಂಹಕ್ಕೆ ಇಲ್ಲಿಯ ಕೈಗಳು ದುಡಿದರೆ ಸಂಬಳ ಹಾಲಿವುಡ್ಡಿನದು. ನಮ್ಮ ಅರ್ಬುತನೆಂಬ ಹುಲಿಗೆ ಮಾತ್ರ ಜನ ಜೇಬಿಗೆ ಕೈಹಾಕಬೇಕಾಯಿತು. ಹೊರಗುತ್ತಿಗೆಯ ಅನ್ನ ಎಷ್ಟು ಅಭದ್ರ ಎಂಬುದೂ ಆಮೇಲೆ ಗೊತ್ತಾಯಿತು: ಎಂ.ಪಿ.ಸಿ.ಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಕಸುಬು ಇದ್ದರೆ ನಮ್ಮ ಕಥೆಗಳು ತಾವಾಗಿಯೇ ಚಿತ್ರವಾಗುತ್ತವೆ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಹಾಡನ್ನು ತನ್ನದೆಂದುಕೊಂಡ ಕೇಳುಗ ಬೇಕು.

ಚಿತ್ರ ಬಂದರೆ ಕಲ್ಪನೆ ಸಾಯುತ್ತದೆ ಎಂಬುದು ಮೊದಲ ಆಕ್ಷೇಪ. ತೊಗಲುಗೊಂಬೆಯಾಟ ಬಲ್ಲವರು ಇದನ್ನು ಒಪ್ಪುವುದು ಕಷ್ಟ. ಹದ ಮಾಡಿದ ಚರ್ಮಕ್ಕೆ ಬಣ್ಣ ಹಚ್ಚಿ, ಪರದೆಯ ಹಿಂದೆ ದೀಪವಿಟ್ಟು, ಹಾಡುತ್ತ ಮಾತಾಡುತ್ತ ಗೊಂಬೆ ಕುಣಿಸುವ ಈ ಕಲೆಯಲ್ಲಿ ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೊಂದು ಗೊಂಬೆಯಿರುವುದುಂಟು. ಭಂಗಿ ಬದಲಾದರೆ ಚಿತ್ರವನ್ನೇ ಬದಲಿಸುವ ಆನಿಮೇಷನ್ನಿನ ಯೋಚನೆ ಇದಕ್ಕೆ ದೂರದ್ದೇನಲ್ಲ. ಈ ಕಲೆಗೆ 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರ ಪರಂಪರೆಯಲ್ಲಿ ಹಾಡೂ ಚಿತ್ರವೂ ತಲೆಮಾರುಗಳಿಂದ ಜೊತೆಯಾಗಿಯೇ ಬಾಳಿವೆ. ಗೋವಿನ ಹಾಡಿಗೂ ತೆರೆ ಹೊಸದಲ್ಲ. 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಭೈರಪ್ಪನವರ ಕಾದಂಬರಿಯನ್ನು ಆಧರಿಸಿ 'ತಬ್ಬಲಿಯು ನೀನಾದೆ ಮಗನೆ' ತೆಗೆದರು. ಆ ಹೆಸರೇ ಈ ಹಾಡಿನಿಂದ ಬಂದದ್ದು. ಹಾಡು ಅದರಿಂದ ಸವೆಯಲಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಕನ್ನಡದ ಹಾಡಿಗೆ ಸಂಸ್ಕೃತವೇಕೆ? ಯಾವ ಪ್ರಾಂತ್ಯಕ್ಕೂ ಸೇರದ ಭಾಷೆ ಎಲ್ಲರನ್ನೂ ಸಮಾನ ದೂರದಲ್ಲಿಡುತ್ತದೆ ಎಂದು ಸಮರ್ಥಿಸಬಹುದು. ಹಣ ಕೊಟ್ಟವರಿಗೆ ಭಾಷೆ ಯಾವುದೆಂದು ಮೊದಲೇ ತಿಳಿದಿತ್ತು ಎಂಬುದೂ ನಿಜ. ಆದರೆ ಈ ಹಾಡಿನ ಜೀವ ಕಥೆಗಿಂತ ಹೆಚ್ಚಾಗಿ ಅದರ ನಡೆಯಲ್ಲಿದೆ. ಗೊಲ್ಲ ಹಸುಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುವ ಲಯ ಕನ್ನಡದ ನಾಲಗೆಗೆ ಒಗ್ಗಿದ್ದು. ಕಥೆ ಭಾಷೆ ದಾಟುತ್ತದೆ, ಲಯ ಅಷ್ಟು ಸುಲಭಕ್ಕೆ ದಾಟದು. ಹಾಗೆಂದು ಚಿತ್ರವನ್ನು ಪರಕೀಯವೆನ್ನಲಾರೆ. ಆನಿಮೇಷನ್ನಿನಲ್ಲಿ ದನಿ ಬೇರೆ, ದೇಹ ಬೇರೆ. ನಟನ ತುಟಿಗೆ ಕಟ್ಟುಬಿದ್ದ ಸಿನಿಮಾಕ್ಕಿಂತ ಇಲ್ಲಿ ಇನ್ನೊಂದು ದನಿ ಕೂರಿಸುವುದು ಹಗುರ. ತೊಗಲುಗೊಂಬೆ ಆಡಿಸುವ ಗೊಂಬೆರಾಮರೂ ಅದೇ ತೊಗಲಿನ ರಾಮನ ಬಾಯಿಂದ ಆಯಾ ಊರಿನ ಮಾತನ್ನೇ ಆಡಿಸುತ್ತಾರೆ.